ರೆಫರಿ ಇಲ್ಲದ ಆಟದಲ್ಲಿ ತಕರಾರು ಮುಗಿಸುವ ಬಗೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಮಂಗಳೂರಿನ ನೆಹರೂ ಮೈದಾನದ ಒಂದು ಬದಿಯಲ್ಲಿ ನಮ್ಮ ಫುಟ್‌ಬಾಲ್ ಶುರುವಾಗುತ್ತದೆ. ಹದಿನೈದು ವರ್ಷವಾಯಿತು. ನಮ್ಮದು ಕ್ಲಬ್ ಅಲ್ಲ. ಹೆಸರಿಲ್ಲ, ನೋಂದಣಿಯಿಲ್ಲ, ರೆಫರಿ ಇಲ್ಲ. ದಕ್ಕೆಯಲ್ಲಿ (ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ) ಮೀನಿನ ಲೆಕ್ಕ ಬರೆಯುವವರು, ಬಂದರಿನ ಸಗಟು ಅಂಗಡಿಗಳ ಹುಡುಗರು, ಕಾಲೇಜು ವಿದ್ಯಾರ್ಥಿಗಳು, ಇಬ್ಬರು ರಿಕ್ಷಾ ಚಾಲಕರು, ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬರುವ ಒಬ್ಬ ನರ್ಸ್, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು. ಒಮ್ಮೊಮ್ಮೆ ಎಂಟು ಜನ, ಒಮ್ಮೊಮ್ಮೆ ಇಪ್ಪತ್ತೆರಡು. ಯಾರು ಬಂದರೂ ಆಡಿಸುತ್ತೇವೆ.

ಇಂಥ ಆಟದಲ್ಲಿ ತಕರಾರು ಬಂದೇ ಬರುತ್ತದೆ. ಚೆಂಡು ಹೊರಗೆ ಹೋಯಿತೇ, ಕೈಗೆ ತಾಗಿತೇ, ಅದು ಫೌಲೇ, ಗೋಲು ಎಷ್ಟಾಯಿತು, ಎಲ್ಲದಕ್ಕೂ ಎರಡು ಉತ್ತರಗಳು. ಮೊದಲ ಮೂರು ನಾಲ್ಕು ವರ್ಷ ನಾವು ಪ್ರತಿಯೊಂದರ ಸತ್ಯ ಹುಡುಕಲು ಹೊರಟು, ಅರ್ಧ ಗಂಟೆ ವಾದ ಮಾಡಿ, ಬಿಸಿಲೇರಿದ ಮೇಲೆ ಮುಖ ಗಂಟಿಕ್ಕಿಕೊಂಡು ಮನೆಗೆ ಹೋದದ್ದುಂಟು. ತೀರ್ಪು ನೂರಕ್ಕೆ ನೂರು ಸರಿಯಿರಬೇಕೆಂಬ ಹಟ ಬಿಟ್ಟ ಮೇಲೆ ಜಗಳ ಚಿಕ್ಕದಾಯಿತು. ತೀರ್ಪು ಬೇಗ ಬರಬೇಕು, ಇಬ್ಬರೂ ಅದನ್ನು ಹೊತ್ತುಕೊಂಡು ಓಡಬಲ್ಲಂತಿರಬೇಕು, ಮುಂದಿನ ಭಾನುವಾರ ಅದೇ ಮುಖಗಳು ಮತ್ತೆ ಮೈದಾನದಲ್ಲಿ ಕಾಣಬೇಕು. ಕೆಳಗೆ ಬರೆದಿರುವುದೆಲ್ಲ ಈ ಮೂರಕ್ಕಾಗಿ ನಾವು ಮಾಡಿಕೊಂಡ ಏರ್ಪಾಡು. ನಿಮ್ಮೂರಿನ ಮೈದಾನಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ.

ಚೆಂಡು ಉರುಳುವ ಮೊದಲು

ಜಗಳದ ಬೀಜ ಬೀಳುವುದು ತಂಡ ಕಟ್ಟುವಾಗಲೇ. ಇಬ್ಬರು ನಾಯಕರು ನಿಂತು ಒಬ್ಬೊಬ್ಬರನ್ನೇ ಆರಿಸುತ್ತ ಹೋದರೆ ಬಲಿಷ್ಠರೆಲ್ಲ ಮೊದಲೇ ಖಾಲಿಯಾಗಿ, ಕೊನೆಗೆ ಉಳಿದವನು ನೆಲ ನೋಡುತ್ತ ನಿಲ್ಲುತ್ತಾನೆ. ಅವಮಾನ ನುಂಗಿಕೊಂಡು ಆಟಕ್ಕಿಳಿದವನು ಹತ್ತು ನಿಮಿಷದೊಳಗೆ ಯಾರ ಮೇಲಾದರೂ ರೇಗದಿರುವುದು ಕಷ್ಟ. ನಾವು ಚಿಕ್ಕಂದಿನಲ್ಲಿ ಲಗೋರಿಗೆ ಮಾಡುತ್ತಿದ್ದುದನ್ನೇ ಇಲ್ಲೂ ಮಾಡುತ್ತೇವೆ. ಆಟದಲ್ಲಿ ಸರಿಸಮಾನರಾದ ಇಬ್ಬರು ಜೋಡಿಯಾಗಿ ಸ್ವಲ್ಪ ದೂರ ಹೋಗಿ, ತಮಗೊಂದೊಂದು ಗುಟ್ಟಿನ ಹೆಸರಿಟ್ಟುಕೊಂಡು ಬಂದು, "ಮಾವು ಬೇಕೋ, ಹಲಸು ಬೇಕೋ?" ಎಂದು ಕೇಳುತ್ತಾರೆ. ಒಬ್ಬ ನಾಯಕ ಮಾವು ಎಂದರೆ ಮಾವಿನವನು ಅವನ ಕಡೆಗೆ, ಹಲಸಿನವನು ಆಚೆ ಕಡೆಗೆ. ಯಾರೂ ಕೊನೆಯವರಾಗುವುದಿಲ್ಲ, ತಂಡಗಳೂ ತಕ್ಕಮಟ್ಟಿಗೆ ಸಮವಾಗುತ್ತವೆ. ಸಮನಾಗದಿದ್ದರೆ, ಅಂದರೆ ಅಂತರ ನಾಲ್ಕು ಗೋಲಿಗೆ ಏರಿದರೆ, ಆಟ ನಿಲ್ಲಿಸಿ ಒಂದು ಜೋಡಿಯನ್ನು ಅದಲುಬದಲು ಮಾಡಿ. ಸೋಲುತ್ತಿರುವವರು ಕೇಳುವ ತನಕ ಕಾಯಬೇಡಿ. ಮುಂದಿರುವ ತಂಡವೇ ಹೇಳಬೇಕು.

ಆಮೇಲೆ ಗೋಲಿನ ಕಂಬ. ಪಂದ್ಯದ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ ಇರುತ್ತದೆ. ನಮ್ಮದು ಎರಡು ಜೊತೆ ಚಪ್ಪಲಿ, ನಡುವೆ ಐದು ಹೆಜ್ಜೆ. ಚಪ್ಪಲಿ ಗೋಲಿನಷ್ಟು ಜಗಳ ಹುಟ್ಟಿಸಿದ ವಸ್ತು ನಮ್ಮಲ್ಲಿ ಇನ್ನೊಂದಿಲ್ಲ. ಚೆಂಡು ಚಪ್ಪಲಿಯ ಮೇಲೆ ಹಾರಿದರೆ ಕಂಬಕ್ಕೆ ಬಡಿಯಿತೆಂದು ಒಬ್ಬರು, ಒಳಗೆಂದು ಇನ್ನೊಬ್ಬರು. ಎತ್ತರಕ್ಕಂತೂ ಅಳತೆಯೇ ಇಲ್ಲ. ಜೊತೆಗೆ ಗೋಲ್‌ಕೀಪರ್ ತನಗೇ ತಿಳಿಯದಂತೆ ಕಾಲಿನಿಂದ ಚಪ್ಪಲಿಯನ್ನು ಒಳಗೆ ತಳ್ಳುತ್ತಾನೆ. ಒಮ್ಮೆ ಆಟ ಮುಗಿದ ಮೇಲೆ ನಾನು ಎರಡೂ ಬದಿ ಅಳೆದೆ. ಐದು ಹೆಜ್ಜೆಯಿದ್ದ ಒಂದು ಗೋಲು ನಾಲ್ಕು ಹೆಜ್ಜೆಗಿಂತ ತುಸು ಕಡಿಮೆಯಾಗಿತ್ತು. ಈಗ ಆಳೆತ್ತರದ ನಾಲ್ಕು ಬಿದಿರಿನ ಕೋಲುಗಳಿವೆ, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೇವೆ. ಬಟ್ಟೆಗಿಂತ ಮೇಲೆ ಹೋದದ್ದು ಗೋಲಲ್ಲ. ನನ್ನ ಸಲಹೆಗಳಲ್ಲಿ ಒಂದನ್ನೇ ಪಾಲಿಸುವಷ್ಟು ಪುರುಸೊತ್ತಿದ್ದರೆ ಈ ಕೋಲುಗಳನ್ನು ಮಾಡಿಸಿ. ಎರಡೂ ಗೋಲುಗಳ ಅಗಲವನ್ನು ಒಬ್ಬನೇ ಅಳೆಯಲಿ. ಇಬ್ಬರು ಅಳೆದರೆ ಉದ್ದ ಕಾಲಿನವನ ಐದು ಹೆಜ್ಜೆ ಬೇರೆ, ಗಿಡ್ಡ ಕಾಲಿನವನ ಐದು ಹೆಜ್ಜೆ ಬೇರೆ.

ಉಳಿದ ನಿಯಮಗಳನ್ನು ವೃತ್ತವಾಗಿ ನಿಂತು ಗಟ್ಟಿಯಾಗಿ ಹೇಳಬೇಕು, ಪ್ರತಿ ವಾರವೂ. "ಎಲ್ಲರಿಗೂ ಗೊತ್ತಿದೆ" ಎಂದು ಬಿಟ್ಟ ದಿನವೇ ಹೊಸಬನೊಬ್ಬ ಬಂದಿರುತ್ತಾನೆ. ನಮ್ಮಲ್ಲಿ ಆಫ್‌ಸೈಡ್ (ಎದುರಾಳಿಗಳನ್ನು ದಾಟಿ ಗೋಲಿನ ಹತ್ತಿರ ನಿಂತು ಪಾಸ್ ಪಡೆಯುವ ತಪ್ಪು) ಇಲ್ಲ. ಮೂರು ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಅವಕಾಶ) ಆದರೆ ಒಂದು ಪೆನಾಲ್ಟಿ, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿರುವ ಒದೆತ, ಹನ್ನೆರಡು ಹೆಜ್ಜೆಯಿಂದ. ನೆಲದಲ್ಲಿ ಜಾರಿ ಬಂದು ಕಾಲು ಹಾಕುವುದು ಯಾರಿಗೂ ಸಲ್ಲದು. ಬರಿಗಾಲಿನಲ್ಲಿ ಆಡುವವನು ಒಬ್ಬನಿದ್ದರೂ ಉಳಿದವರು ಸ್ಟಡ್ ಬೂಟು (ಅಡಿಯಲ್ಲಿ ಮೊಳೆಗಳಿರುವ ಬೂಟು) ಬಿಚ್ಚಬೇಕು.

ಈ ಕೊನೆಯ ನಿಯಮಕ್ಕೆ ಬೂಟು ಕೊಂಡ ಹುಡುಗರು ಗೊಣಗುತ್ತಾರೆ. ಅವರಿಗೆ ನಾನು 1948ರ ಲಂಡನ್ ಒಲಿಂಪಿಕ್ಸ್ ನೆನಪಿಸುತ್ತೇನೆ. ಫ್ರಾನ್ಸ್ ವಿರುದ್ಧ ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಆಡಿದರು, 2–1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ಮೈದಾನದಲ್ಲಿ ಬರಿಗಾಲಿನವನು ಬಡವನೆಂದೋ ಅರಿಯದವನೆಂದೋ ಯಾರೂ ತಿಳಿಯಕೂಡದು. ಅವನ ಹೆಬ್ಬೆರಳಿನ ಉಗುರು ಬೂಟಿನ ಮೊಳೆಗೆ ಸಿಕ್ಕಿ ಎದ್ದುಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನೋವಿನಲ್ಲಿದ್ದವನಿಗೆ ಯಾವ ನಿಯಮವನ್ನೂ ವಿವರಿಸಲು ಆಗುವುದಿಲ್ಲ.

ಕೂಗುವ ಹಕ್ಕು ಯಾರದು?

ಫುಟ್‌ಬಾಲ್ ಬೆಳೆದದ್ದು ರೆಫರಿ ಇಲ್ಲದೆಯೇ. 1863ರಲ್ಲಿ ಇಂಗ್ಲೆಂಡಿನಲ್ಲಿ ಬರೆದ ಮೊದಲ ನಿಯಮಗಳಲ್ಲಿ ರೆಫರಿಯ ಮಾತೇ ಇಲ್ಲ. ನಾಯಕರಿಬ್ಬರೂ ಮಾತಾಡಿ ಮುಗಿಸಬೇಕಿತ್ತು. ಆಮೇಲೆ ಎರಡೂ ತಂಡಗಳು ತಮ್ಮದೊಬ್ಬ ಅಂಪೈರನ್ನು ಕರೆತಂದವು, ಅವರಿಬ್ಬರೂ ಒಪ್ಪದಿದ್ದಾಗ ಕೇಳಲು ಮೂರನೆಯವನನ್ನು ಗೆರೆಯಾಚೆ ನಿಲ್ಲಿಸಿದರು. ಆ ಮೂರನೆಯವನು ರೆಫರಿಯಾಗಿ ಅಂಗಳದೊಳಗೆ ಬಂದದ್ದು 1891ರಲ್ಲಿ. ಪೆನಾಲ್ಟಿ ಬಂದದ್ದೂ ಅದೇ ವರ್ಷ. ನಾವು ಭಾನುವಾರ ಆಡುವುದು ಆ ಹಳೆಯ ಆಟವನ್ನೇ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಟಿ.ವಿ.ಯಲ್ಲಿ ನೋಡಿದಂತೆ ಇಲ್ಲದ ರೆಫರಿಯ ಕಡೆ ಕೈ ಬೀಸಿ ಕೂಗುವುದರಲ್ಲಿ ಅರ್ಥವಿಲ್ಲ. ಮಾತಾಡಬೇಕಾದವರು ನಾವೇ.

ನಮ್ಮಲ್ಲಿ ಫೌಲ್ ಎನ್ನುವ ಹಕ್ಕು ಏಟು ತಿಂದವನಿಗೆ ಮಾತ್ರ. ಅವನು ಕೈ ಎತ್ತಿ "ಫೌಲ್" ಎಂದರೆ ಆಟ ನಿಂತಿತು, ಎದುರಿನವನು ವಾದಿಸುವಂತಿಲ್ಲ. ಹತ್ತು ಗಜ ದೂರದಿಂದ ಅವನ ಗೆಳೆಯರು ಎಷ್ಟೇ ಕೂಗಿದರೂ ಲೆಕ್ಕಕ್ಕಿಲ್ಲ. ಆದರೆ ಕೂಗು ಏಟಿನ ಜೊತೆಗೇ ಬರಬೇಕು. ಎಡವಿಯೂ ಎದ್ದು ಓಡಿ, ಗೋಲಿಗೆ ಹೊಡೆದು, ಅದು ಹೊರಗೆ ಹೋದ ಮೇಲೆ ಫೌಲ್ ನೆನಪಾದರೆ ಸಲ್ಲದು. ಅವಕಾಶವನ್ನೂ ತೆಗೆದುಕೊಂಡು ಪರಿಹಾರವನ್ನೂ ಕೇಳಿದಂತಾಗುತ್ತದೆ.

ಹೀಗಾದರೆ ಸುಳ್ಳು ಫೌಲ್ ಕೂಗುವವರಿಗೆ ಹಬ್ಬವಲ್ಲವೇ ಎಂದು ಕೇಳಬಹುದು. ಮೊದಲ ಎರಡು ವಾರ ಹೌದು. ಮೂರನೆಯ ವಾರ ಅವನಿಗೇ ನಾಚಿಕೆಯಾಗುತ್ತದೆ, ಏಕೆಂದರೆ ಯಾರೂ ವಾದಿಸದೆ ಚೆಂಡು ಅವನ ಕಾಲಿಗೆ ತಂದಿಡುತ್ತಾರೆ. ವಾದಿಸಲು ಜನ ಸಿಕ್ಕಿದರೆ ಸುಳ್ಳು ಬೆಳೆಯುತ್ತದೆ. ಮೈದಾನದ ಮಧ್ಯದ ಫೌಲಿನಿಂದ ದೊಡ್ಡ ಲಾಭವೂ ಇಲ್ಲ. ಗೋಲಿನ ಹತ್ತಿರ ಮಾತ್ರ ಎಚ್ಚರ ಬೇಕು: ಅಲ್ಲಿ ಏಟು ಕೊಟ್ಟವನೂ ತಾಗಿತೆಂದು ಒಪ್ಪಿದರೆ ಪೆನಾಲ್ಟಿ, ಒಪ್ಪದಿದ್ದರೆ ಫ್ರೀ ಕಿಕ್ (ತಪ್ಪಾದ ಜಾಗದಿಂದ ಅಡ್ಡಿಯಿಲ್ಲದ ಒದೆತ) ಅಷ್ಟೇ, ಅದೂ ಒಬ್ಬನಿಗೆ ಪಾಸ್ ಕೊಟ್ಟ ಮೇಲೆಯೇ ಗೋಲಿಗೆ ಹೊಡೆಯಬೇಕು.

ಕೈಗೆ ತಾಗಿದರೆ ನಿಯಮ ಉಲ್ಟಾ. ಇಲ್ಲಿ ಹೇಳಬೇಕಾದವನು ಯಾರ ಕೈಗೆ ತಾಗಿತೋ ಅವನು. ಕೈಗೆ ತಾಗಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲವೆಂದು ಮೊದಲು ಎಲ್ಲರಿಗೂ ತಿಳಿಸಬೇಕು. ಮೈಗೆ ಒತ್ತಿಕೊಂಡಿದ್ದ ಕೈಗೆ ಎರಡು ಅಡಿ ದೂರದಿಂದ ಚೆಂಡು ಬಡಿದರೆ ಆಟ ಮುಂದುವರಿಯಲಿ. ಕೈ ಚೆಂಡಿನ ಕಡೆಗೆ ಹೋಗಿದ್ದರೆ, ಅಥವಾ ರೆಕ್ಕೆಯಂತೆ ಚಾಚಿಕೊಂಡಿದ್ದರೆ ತಪ್ಪು. ಭುಜದ ಮೇಲ್ಭಾಗ ಕೈಯಲ್ಲ. ಕಂಕುಳಿನ ತಳಮಟ್ಟದಿಂದ ಕೆಳಗಿನದು ಕೈ ಎಂದು ಈಗಿನ ನಿಯಮ ಹೇಳುತ್ತದೆ.

ಒಂದು ಜುಲೈ ಬೆಳಿಗ್ಗೆ ನಡೆದದ್ದು ಹೇಳುತ್ತೇನೆ. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ನಿಂತು, ಮೈದಾನದ ಕೆಂಪು ಮಣ್ಣು ಕಲಸಿಟ್ಟ ಹಿಟ್ಟಿನಂತಾಗಿತ್ತು. ಗೋಲಿನ ಮುಂದೆ ಏಳೆಂಟು ಜನ ಒಟ್ಟಿಗೆ ಹಾರಿದರು, ಚೆಂಡು ಯಾರಿಗೋ ಬಡಿದು ಹೊರಗೆ ಚಿಮ್ಮಿತು. ಹ್ಯಾಂಡ್‌ಬಾಲ್ ಎಂದು ಒಂದು ಕಡೆಯವರು, ತಲೆಗೆ ತಾಗಿದ್ದೆಂದು ಇನ್ನೊಂದು ಕಡೆಯವರು. ಯಾರೂ ಸರಿಯಾಗಿ ನೋಡಿರಲಿಲ್ಲ. ದಕ್ಕೆಯ ನಮ್ಮ ಲೆಕ್ಕದವರು ಡಿಫೆನ್ಸಿನಲ್ಲಿದ್ದರು; ಅವರು ಗುಂಪಿನಿಂದ ಹೊರಗೆ ಬಂದು ಬಲಗೈಯ ತೋಳನ್ನು ನನ್ನ ಮುಂದೆ ಚಾಚಿದರು. ಮಣಿಕಟ್ಟಿನಿಂದ ಒಂದು ಗೇಣು ಮೇಲೆ, ಕೂದಲು ಒತ್ತಿಹೋಗಿ, ಚೆಂಡಿನ ಹೊಲಿಗೆಯ ಆರು ಮೂಲೆ ಕೆಸರಿನಲ್ಲಿ ಅಚ್ಚೊತ್ತಿದಂತೆ ಕೂತಿತ್ತು. "ನೋಡಿ ಮಾಷ್ಟ್ರೇ, ಮುದ್ರೆ ಬಿದ್ದಿದೆ" ಎಂದರು. ಸ್ಕೋರ್ ಆಗ ಸಮಬಲದಲ್ಲಿತ್ತು. ಪೆನಾಲ್ಟಿ ಗೋಲಾಯಿತು, ಅವರ ತಂಡ ಸೋತಿತು. ಮಳೆ ಮತ್ತೆ ಹನಿಯಲು ಶುರುವಾಗಿ ಆ ಗುರುತು ಅವರ ಕೈಯಿಂದ ಇಳಿದುಹೋಗುವುದನ್ನು ನಾನು ನೋಡಿದೆ. ಅವರು ಹೇಳದಿದ್ದರೆ ಒಂದು ನಿಮಿಷದಲ್ಲಿ ಸಾಕ್ಷಿಯೇ ಇರುತ್ತಿರಲಿಲ್ಲ. ಆ ದಿನದಿಂದ ಅವರ ಮಾತನ್ನು ಯಾರೂ ಎರಡನೆಯ ಸಲ ಕೇಳಿಲ್ಲ. ಅವರು ಗೋಲು ಎಂದರೆ ಗೋಲು, ಅಲ್ಲ ಎಂದರೆ ಅಲ್ಲ.

ಹಣ, ಪದಕಗಳ ಆಟದಲ್ಲೂ ಇದು ನಡೆದದ್ದುಂಟು. 2012ರಲ್ಲಿ ಇಟಲಿಯ ಲಾಜಿಯೊ ತಂಡದ ಮಿರೊಸ್ಲಾವ್ ಕ್ಲೋಸೆ ನಾಪೊಲಿ ವಿರುದ್ಧದ ಪಂದ್ಯದಲ್ಲಿ ತಮ್ಮ ಗೋಲು ಕೈಗೆ ತಾಗಿ ಹೋದದ್ದೆಂದು ರೆಫರಿಗೆ ತಾವೇ ಹೇಳಿದರು, ಗೋಲು ರದ್ದಾಯಿತು. ಅವರ ತಂಡವೂ ಆ ದಿನ ಸೋತಿತು.

ಗೆರೆಯ ವಿಷಯ, ಮತ್ತು ನನ್ನ ತಪ್ಪು

ಚೆಂಡು ಹೊರಗೆ ಹೋಯಿತೆನ್ನಬೇಕಾದರೆ ಅದು ಪೂರ್ತಿಯಾಗಿ ಗೆರೆ ದಾಟಿರಬೇಕು. ಗೆರೆಯ ಅಂಚಿಗೆ ತಾಗಿಕೊಂಡಿದ್ದರೂ ಆಟದಲ್ಲಿಯೇ ಇದೆ. ಇದು ಓದಲು ಸುಲಭ. ಸುಣ್ಣದ ಗೆರೆ ಒಂದು ಮಳೆಗೆ ಅಳಿಸಿಹೋಗುವ ಊರಿನಲ್ಲಿ, ಎರಡು ಕಲ್ಲುಗಳ ನಡುವೆ ಮನಸ್ಸಿನಲ್ಲೇ ಎಳೆದ ಗೆರೆಯನ್ನು ಚೆಂಡು ದಾಟಿತೋ ಇಲ್ಲವೋ ಎಂದು ಹೇಳುವುದು ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಯುವಕನೊಬ್ಬ ನಮ್ಮಲ್ಲಿ ಆಡುತ್ತಿದ್ದ. ಮಾತು ಕಡಿಮೆ, ಓಟ ಜಾಸ್ತಿ. ಒಂದು ದಿನ ಅವನು ಬಲ ಅಂಚಿನಲ್ಲಿ ಚೆಂಡನ್ನು ಕಾಲಿನಿಂದ ತಡೆದು ನಿಲ್ಲಿಸಿ, ತಿರುಗಿ, ಪಾಸ್ ಕೊಟ್ಟ, ಅದು ಗೋಲಾಯಿತು. ಮೈದಾನದ ನಡುವೆ ನಿಂತಿದ್ದ ನಾನು, "ಹೊರಗೆ ಹೋಗಿತ್ತು" ಎಂದೆ. ಅವನು, "ಇಲ್ಲ ಮಾಷ್ಟ್ರೇ, ನಾನು ಪಕ್ಕದಲ್ಲೇ ಇದ್ದೆ" ಎಂದ. ನಾನು ಶಾಲೆಯ ಧ್ವನಿಯಲ್ಲಿ, "ಹೊರಗೆ ಹೋಗಿತ್ತೆಂದು ಹೇಳಿದೆನಲ್ಲ" ಎಂದೆ. ಎಲ್ಲರೂ ಸುಮ್ಮನಾದರು. ತಕರಾರು ಚೆನ್ನಾಗಿಯೇ ಮುಗಿಯಿತೆಂದು ನಾನು ತಿಳಿದೆ. ಮುಂದಿನ ವಾರ ಅವನು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನಾಲ್ಕನೆಯ ವಾರ ಯಾರೋ ಕೇಳಿದ ಮೇಲೆಯೇ ನನಗೆ ತಲೆಗೆ ಹೋದದ್ದು.

ಅವನಿದ್ದದ್ದು ಚೆಂಡಿನಿಂದ ಒಂದು ಹೆಜ್ಜೆ ದೂರದಲ್ಲಿ, ನಾನಿದ್ದದ್ದು ಮೂವತ್ತು ಹೆಜ್ಜೆ ದೂರದಲ್ಲಿ. ನನ್ನ ಮಾತು ನಿಂತದ್ದು ಕಂಡದ್ದರಿಂದಲ್ಲ, ವಯಸ್ಸಿನಿಂದ, ಮಾಷ್ಟ್ರು ಎಂಬ ಹೆಸರಿನಿಂದ. ನಮ್ಮ ಊರುಗಳ ಮೈದಾನಗಳಲ್ಲಿ ಇದು ಬಲು ಸಾಮಾನ್ಯ: ಹಿರಿಯರು ಹೇಳಿದರೆ ಹುಡುಗರು ಬಾಯಿ ಮುಚ್ಚುತ್ತಾರೆ, ನಾವು ಅದನ್ನೇ ನ್ಯಾಯವೆಂದುಕೊಳ್ಳುತ್ತೇವೆ. ಒಂದು ಸಂಜೆ ಅವನ ಅಂಗಡಿಗೆ ಹೋದೆ. ಲಾರಿಯ ಚಕ್ರ ಬಿಚ್ಚುತ್ತಿದ್ದವನು ಎದ್ದು ಕೈ ಒರೆಸಿಕೊಂಡ. "ಆ ದಿನ ನೀನು ಕಂಡದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಅವನು, "ಬಿಡಿ ಮಾಷ್ಟ್ರೇ, ಒಂದು ಗೋಲು ತಾನೇ" ಎಂದು ಸ್ಟೂಲು ಎಳೆದು ಕೊಟ್ಟ. ಎರಡು ವಾರ ಬಿಟ್ಟು ಆಟಕ್ಕೆ ಬಂದ.

ಅದಾದ ಮೇಲೆ ಮಾಡಿಕೊಂಡ ನಿಯಮ ಇದು. ಗೆರೆಯ ತೀರ್ಪು ಚೆಂಡಿಗೆ ಅತಿ ಹತ್ತಿರವಿದ್ದವನದು, ಅವನು ಹದಿನಾರು ವರ್ಷದವನಾದರೂ ಸರಿ, ಯಾವ ತಂಡದವನಾದರೂ ಸರಿ. ಇಬ್ಬರೂ ಸಮಾನ ದೂರದಲ್ಲಿದ್ದು ಒಪ್ಪದಿದ್ದರೆ ಚೆಂಡು ಡಿಫೆನ್ಸ್ ಮಾಡುತ್ತಿರುವ ತಂಡಕ್ಕೆ. ಗೋಲೋ ಅಲ್ಲವೋ ಎಂಬುದೇ ತಕರಾರಾದರೆ ಗೋಲೂ ಇಲ್ಲ, ಬರಿಗೈಯೂ ಇಲ್ಲ: ಹನ್ನೆರಡು ಹೆಜ್ಜೆಯಿಂದ ಒಂದು ಪೆನಾಲ್ಟಿ. ಹಿರಿಯರು ಕೇಳಿದಾಗ ಮಾತ್ರ ಹೇಳಬೇಕು. ಕಾಣದಿದ್ದರೆ "ನಾನು ನೋಡಲಿಲ್ಲ" ಎನ್ನಬೇಕು. ಈ ಎರಡೇ ಶಬ್ದದ ಮಾತನ್ನು ನಾನು ಬಾಯಿಗೆ ರೂಢಿ ಮಾಡಿಕೊಳ್ಳಲು ಒಂದು ಮಳೆಗಾಲ ಬೇಕಾಯಿತು.

ಮಾತು ಬೆಳೆಯುವ ಮೊದಲು

ತಕರಾರಿಗೆ ನಾವು ಕೊಡುವ ಸಮಯ ಅರ್ಧ ನಿಮಿಷ. ಮಾತಾಡುವವರು ಇಬ್ಬರೇ: ಒಂದೊಂದು ತಂಡದಿಂದ ಆ ದಿನದ ನಾಯಕ. ಉಳಿದವರು ಅವರಿಂದ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಹತ್ತು ಜನ ಸುತ್ತುವರಿದರೆ ಒಳಗಿರುವವನಿಗೆ ಸೋಲಲು ಜಾಗವೇ ಉಳಿಯುವುದಿಲ್ಲ. ಒಪ್ಪಿಕೊಳ್ಳಬೇಕೆಂದಿದ್ದರೂ ಗೆಳೆಯರ ಮುಂದೆ ಒಪ್ಪಿಕೊಳ್ಳಲಾರ. ದೊಡ್ಡ ಪಂದ್ಯಗಳಲ್ಲೂ ಈಗ ಇದೇ ದಾರಿ ಹಿಡಿದಿದ್ದಾರೆ. ರೆಫರಿಯ ಹತ್ತಿರ ನಾಯಕ ಮಾತ್ರ ಹೋಗಬೇಕೆಂಬ ಮಾರ್ಗಸೂಚಿ 2024ರಲ್ಲಿ ಬಂತು. ಅರ್ಧ ನಿಮಿಷದಲ್ಲಿ ಮುಗಿಯದಿದ್ದರೆ ನಾಣ್ಯ. ನನ್ನ ಕಿಸೆಯಲ್ಲಿ ಆಟದ ದಿನ ಒಂದು ಐದು ರೂಪಾಯಿ ನಾಣ್ಯ ಇದ್ದೇ ಇರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಮೈದಾನದಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕನ್ನಡ ಎಲ್ಲವೂ ಓಡಾಡುತ್ತವೆ. ಆಟ ಚೆನ್ನಾಗಿ ನಡೆಯುವಾಗ ಯಾರು ಯಾವುದರಲ್ಲಿ ಕೂಗಿದರೂ ನಡೆಯುತ್ತದೆ. ತಕರಾರಿನ ಹೊತ್ತಿನಲ್ಲಿ ಇಬ್ಬರು ತಮ್ಮ ಭಾಷೆಗೆ ತಿರುಗಿ ಪಿಸುಗುಟ್ಟಿದರೆ, ಅವರು ಹೇಳಿದ್ದು "ಬಾಯಾರಿಕೆಯಾಗಿದೆ" ಎಂದಿರಬಹುದು, ಎದುರಿನವನಿಗೆ ಅದು ತನ್ನ ಬಗ್ಗೆ ಆಡಿದ ಹೀನಾಯದ ಮಾತಾಗಿ ಕೇಳುತ್ತದೆ. ಹಾಗಾಗಿ ತಕರಾರು ಇಬ್ಬರಿಗೂ ಗೊತ್ತಿರುವ ಭಾಷೆಯಲ್ಲಿಯೇ ನಡೆಯಬೇಕು. ಕನ್ನಡದ ಒಳಗೂ ಇದು ಉಂಟು. ವಿಜಯಪುರದ ಕಡೆಯಿಂದ ಬಂದ ಹಾಸ್ಟೆಲ್ ಹುಡುಗನೊಬ್ಬ ಪಾಸ್ ಕೇಳುವಾಗಲೆಲ್ಲ "ಲೇ" ಎನ್ನುತ್ತಿದ್ದ. ಅವನ ಊರಿನಲ್ಲಿ ಅದು ಗೆಳೆತನದ ಕರೆ. ಗುರುತಿಲ್ಲದ ಕಿರಿಯರನ್ನೂ ಬಹುವಚನದಲ್ಲಿ ಮಾತಾಡಿಸುವ ನಮ್ಮ ಕರಾವಳಿಯವರಿಗೆ ಅದು ಕೆನ್ನೆಗೆ ಹೊಡೆದಂತೆ ಕೇಳಿತು. ಒಬ್ಬ ರಿಕ್ಷಾ ಚಾಲಕರು ಆಟ ಬಿಟ್ಟು ಹೊರಡುವವರೆಗೂ ವಿಷಯವೇನೆಂದು ಯಾರಿಗೂ ಹೊಳೆಯಲಿಲ್ಲ. ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಲು ಎರಡು ನಿಮಿಷ ಸಾಕಾಯಿತು. ಈಗ ಆ ಚಾಲಕರೇ ಅವನನ್ನು "ಲೇ" ಎಂದು ಕರೆಯುತ್ತಾರೆ.

ತಿಳಿಯದೆ ಮಾಡಿದ್ದಕ್ಕೂ ಮೋಸಕ್ಕೂ ವ್ಯತ್ಯಾಸ ಮಾಡಲು ಕಲಿಯಬೇಕು. 1999ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯವೊಂದರಲ್ಲಿ ಶೆಫೀಲ್ಡ್ ಯುನೈಟೆಡ್ ತಂಡದವರು ಗಾಯಗೊಂಡ ಆಟಗಾರನಿಗಾಗಿ ಚೆಂಡನ್ನು ಬೇಕೆಂದೇ ಹೊರಗೆ ಒದ್ದರು. ಆರ್ಸೆನಲ್ ತಂಡದವರು ಥ್ರೋ ಮಾಡಿ ಅದನ್ನು ಅವರಿಗೇ ಮರಳಿಸುವುದು ವಾಡಿಕೆ. ಆರ್ಸೆನಲ್ ಪರ ಮೊದಲ ಪಂದ್ಯ ಆಡುತ್ತಿದ್ದ ಕಾನು ಚೆಂಡನ್ನು ಕಾಲಿಗೆ ತೆಗೆದುಕೊಂಡು ಓಡಿ ಪಾಸ್ ಕೊಟ್ಟರು, ಅವರದೇ ತಂಡದ ಓವರ್‌ಮಾರ್ಸ್ ಗೋಲು ಹೊಡೆದರು. ನಿಯಮದ ಪ್ರಕಾರ ಗೋಲು ಸರಿಯೇ ಆಗಿತ್ತು, ಆರ್ಸೆನಲ್ 2–1ರಿಂದ ಗೆದ್ದಿತು. ಆದರೆ ಅವರ ಕೋಚ್ ಆರ್ಸೆನ್ ವೆಂಗರ್ ಪಂದ್ಯವನ್ನು ಮತ್ತೆ ಆಡೋಣವೆಂದು ತಾವೇ ಮುಂದೆ ಬಂದರು. ಹತ್ತು ದಿನದ ಮೇಲೆ ಮತ್ತೆ ಆಡಿದರು. ಮತ್ತೆ 2–1, ಮತ್ತೆ ಆರ್ಸೆನಲ್ ಗೆಲುವು. ನಮ್ಮ ಗುಂಪಿಗೆ ಬರುವ ಹೊಸಬರೂ ಹೀಗೆಯೇ ವಾಡಿಕೆ ತಿಳಿಯದೆ ಗೋಲು ಹೊಡೆದುಬಿಡುತ್ತಾರೆ. ಅವರ ಮೇಲೆ ಮುಗಿಬೀಳಬೇಡಿ. ಗೋಲನ್ನು ತೆಗೆದುಹಾಕಿ, ಕಾರಣ ಹೇಳಿ, ಚೆಂಡು ಮರಳಿಸಿ.

ಸಿಟ್ಟು ನೆತ್ತಿಗೇರಿದಾಗ

ಸಿಟ್ಟಿನಲ್ಲಿರುವವನಿಗೆ "ಸಮಾಧಾನ ಮಾಡಿಕೋ" ಎನ್ನಬೇಡಿ. ಬೆಂಕಿಗೆ ತುಪ್ಪ ಸುರಿದಂತೆ. ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ, ಅವನು ನೋಡುತ್ತಿರುವ ಕಡೆಗೇ ನೀವೂ ನೋಡಿ. "ಕಾಲಿಗೆ ನೋವಾಯಿತೇ?" ಎಂದು ಕೇಳಿ. ಸಿಟ್ಟಿನ ಅರ್ಧ ಪಾಲು ನೋವು, ಇನ್ನರ್ಧ ಅದನ್ನು ಯಾರೂ ಕೇಳಲಿಲ್ಲವೆಂಬ ಸಂಕಟ. ಹಿಂದಿನಿಂದ ತೋಳು ಹಿಡಿದು ಎಳೆಯುವ ಗೆಳೆಯರಿಂದ ಜಗಳ ಬಿಗಡಾಯಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಿಡಿದಷ್ಟೂ ಅವನು ಕೊಸರಿಕೊಳ್ಳುತ್ತಾನೆ. ಹಿಡಿಯುವುದಾದರೆ ಇಬ್ಬರಲ್ಲಿ ಯಾರು ಬೇಗ ತಣ್ಣಗಾಗುತ್ತಾರೋ ಅವರನ್ನು ದೂರ ಕರೆದೊಯ್ಯಿರಿ. ಒಬ್ಬನಿಂದಲೇ ಜಗಳವಾಗುವುದಿಲ್ಲ.

ಅಷ್ಟಕ್ಕೂ ಇಳಿಯದಿದ್ದರೆ ಹತ್ತು ನಿಮಿಷ ಹೊರಗೆ. ಇದು ಶಿಕ್ಷೆಯಂತೆ ಕಾಣಬಾರದು. ಅವನ ಜೊತೆ ಅವನ ತಂಡದ ಇನ್ನೊಬ್ಬನೂ ಹೊರಗೆ ಹೋಗಿ ನೀರು ಕುಡಿಯಲಿ. ಎದುರು ತಂಡದಿಂದಲೂ ಇಬ್ಬರು ಬಿಡುವು ತೆಗೆದುಕೊಳ್ಳಲಿ. ಲೆಕ್ಕ ಸಮವಾಗುತ್ತದೆ, ಮಾನವೂ ಉಳಿಯುತ್ತದೆ. ಕೈ ಎತ್ತಿದವನಿಗೆ ಮಾತ್ರ ಈ ಮರ್ಯಾದೆ ಇಲ್ಲ. ಅವನ ಅಂದಿನ ಆಟ ಮುಗಿಯಿತು, ಎಷ್ಟೇ ದೊಡ್ಡ ಆಟಗಾರನಾಗಿರಲಿ. ಅದರ ಬಗ್ಗೆ ಮಾತು ಮಾರನೆಯ ದಿನ, ಒಬ್ಬರೇ ಹೋಗಿ, ಮುಖಾಮುಖಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಆಟದ ಜಗಳ ಬರೆಯುವುದನ್ನು ನಾವು ನಿಷೇಧಿಸಿದ್ದೇವೆ. ಆ ಗುಂಪಿನಲ್ಲಿ ಮೈದಾನಕ್ಕೆ ಬರುವವರ ಹೆಸರು, ಚೆಂಡಿನ ಖರ್ಚಿನ ಪಾಲು, ಮಳೆಯ ಸುದ್ದಿ, ಅಷ್ಟೇ.

ತಲೆಗೆ ಪೆಟ್ಟಾದರೆ ನಿಯಮ, ವಾಡಿಕೆ, ಸ್ಕೋರು ಯಾವುದೂ ಇಲ್ಲ; ಆಟ ನಿಲ್ಲಬೇಕು. ಇದನ್ನು ನಮ್ಮ ನರ್ಸ್ ಕಟ್ಟುನಿಟ್ಟಾಗಿ ನಡೆಸುತ್ತಾರೆ. "ನನಗೇನೂ ಆಗಿಲ್ಲ ಅಕ್ಕ" ಎಂದು ಎಷ್ಟೇ ಗೋಗರೆದರೂ ಅಂದು ಮತ್ತೆ ಇಳಿಸುವುದಿಲ್ಲ. ವಾಂತಿ, ಮಂಪರು, ತೊದಲು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ. ಅವನನ್ನು ಒಂಟಿಯಾಗಿ ಬೈಕಿನಲ್ಲಿ ಮನೆಗೆ ಕಳುಹಿಸಕೂಡದು. ಯಾರಾದರೂ ಕೂರಿಸಿಕೊಂಡು ಹೋಗಬೇಕು.

ಪಕ್ಕದ ಆಟದವರನ್ನು ಮರೆಯಬಾರದು. ಅದೇ ಮೈದಾನದಲ್ಲಿ ಕ್ರಿಕೆಟ್ಟೂ ನಡೆಯುತ್ತಿರುತ್ತದೆ. ನಮ್ಮ ಚೆಂಡು ಅವರ ಪಿಚ್ಚಿಗೆ ಉರುಳಿದರೆ ನಡುವೆ ನುಗ್ಗದೆ, ಓವರಿನ ಆ ಎಸೆತ ಮುಗಿಯುವವರೆಗೆ ನಿಂತು ತರುತ್ತೇವೆ. ಅವರೂ ಚೆಂಡು ಗಾಳಿಯಲ್ಲಿದ್ದರೆ ನಮಗೆ ಕೂಗಿ ಎಚ್ಚರಿಸುತ್ತಾರೆ.

ಗೋಲಿನ ಲೆಕ್ಕ ಮತ್ತು ಕೊನೆಯ ಐದು ನಿಮಿಷ

ಸ್ಕೋರು ಮರೆಯುವುದು ಬಹಳ ಸಣ್ಣ ವಿಷಯವೆನಿಸಬಹುದು. ಹನ್ನೊಂದು ಹತ್ತೋ, ಹತ್ತು ಹತ್ತೋ ಎಂಬ ಜಗಳ ಹ್ಯಾಂಡ್‌ಬಾಲಿಗಿಂತ ಕಹಿಯಾದದ್ದನ್ನು ನಾನು ಕಂಡಿದ್ದೇನೆ, ಏಕೆಂದರೆ ಅಲ್ಲಿ ಒಬ್ಬರು ಇನ್ನೊಬ್ಬರನ್ನು ನೇರವಾಗಿ ಸುಳ್ಳರೆಂದು ಕರೆದಂತಾಗುತ್ತದೆ. ಪರಿಹಾರ ಸರಳ: ಪ್ರತಿ ಗೋಲಿನ ನಂತರ, ಗೋಲು ಬಿಟ್ಟುಕೊಟ್ಟ ತಂಡದವರು ಸ್ಕೋರನ್ನು ಗಟ್ಟಿಯಾಗಿ ಕೂಗಿ ಹೇಳಿಯೇ ಮಧ್ಯದಿಂದ ಆಟ ಶುರು ಮಾಡಬೇಕು. ಗೋಲು ಬಿಟ್ಟುಕೊಟ್ಟವರ ಬಾಯಿಂದಲೇ ಬಂದ ಲೆಕ್ಕವನ್ನು ಯಾರೂ ಪ್ರಶ್ನಿಸುವುದಿಲ್ಲ.

"ಕೊನೆಯ ಗೋಲು ಹೊಡೆದವರೇ ಗೆದ್ದಂತೆ" ಎಂಬ ಪದ್ಧತಿಯನ್ನು ಕೈಬಿಡಿ. ಒಂದೂವರೆ ಗಂಟೆ ಬೆವರು ಸುರಿಸಿ ನಾಲ್ಕು ಗೋಲು ಮುಂದಿದ್ದವರನ್ನು ಒಂದೇ ಏಟಿನಲ್ಲಿ ಸೋಲಿಸಿದರೆ ಉರಿ ಹುಟ್ಟದಿರುತ್ತದೆಯೇ? ಆ ಕೊನೆಯ ಗೋಲಿಗಾಗಿ ಕಾಲು ಮುರಿಯುವಂತೆ ಆಡುತ್ತಾರೆ. ನಮ್ಮಲ್ಲಿ ಆದ ದೊಡ್ಡ ಗಾಯಗಳಲ್ಲಿ ಮೂರು ಆ ಹೊತ್ತಿನಲ್ಲೇ ಆದವು. ಈಗ ನನ್ನ ಮೊಬೈಲಿನಲ್ಲಿ ಎಂಟು ಗಂಟೆಗೆ ಅಲಾರಾಂ ಇಟ್ಟು, ಅದನ್ನು ಗೋಲಿನ ಹಿಂದೆ ಚಪ್ಪಲಿಗಳ ರಾಶಿಯ ಮೇಲೆ ಇಡುತ್ತೇವೆ. ಅದು ಬಡಿದುಕೊಂಡಾಗ ಚೆಂಡು ಎಲ್ಲಿದ್ದರೂ ಆಟ ಮುಗಿಯಿತು, ಗೋಲಿನ ಕಡೆಗೆ ಹಾರುತ್ತಿದ್ದರೂ ಸರಿ.

ಆಮೇಲೆ ಕೋಲುಗಳನ್ನು ಕಿತ್ತು ಕಟ್ಟಿ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಡೆ ನಡೆದು, ಚಹಾ, ಗೋಳಿಬಜೆ. ಗೆದ್ದ ತಂಡ ಚಹಾದ ದುಡ್ಡು ಕೊಡುತ್ತದೆ. ಸೋತವರು ಕೊಡಬೇಕೆಂಬ ಪದ್ಧತಿ ಮೊದಲಿತ್ತು, ಅದನ್ನು ತಿರುಗಿಸಿದವರು ದಕ್ಕೆಯ ಲೆಕ್ಕದವರು. ಮೇಜಿಗೆ ಐದು ಜನ ಕೂರುವಾಗ ಎರಡೂ ತಂಡದವರು ಬೆರೆತು ಕೂರಬೇಕೆಂಬುದನ್ನು ಮಾತ್ರ ನಾನು ಈಗಲೂ ಶಾಲೆಯ ಧ್ವನಿಯಲ್ಲೇ ಹೇಳುತ್ತೇನೆ.